ದೃಶ್ಯ ೪೨

ಕುಂಬಳೆ ಸ್ಟೇಷನ್ ರಸ್ತೆಯಲ್ಲಿ
ಮದ್ದಿನಂಗಡಿಗೂ ಮೊಬೈಲ್ ರಿಪೇರಿಗೂ ನಡುವೆ
ಒಂದೂವರೆ ಮಾರಿನ ನನ್ನ ಡಿಟಿಪಿ ಅಂಗಡಿ.
ಮದುವೆ ಕಾಗದ ಮಲಯಾಳದಲ್ಲಿ,
ಬ್ರಹ್ಮಕಲಶದ ಕರಪತ್ರ ಕನ್ನಡದಲ್ಲಿ,
ಪಂಚಾಯತಿಗೆ ಅರ್ಜಿ ಎರಡರಲ್ಲೂ.
ಬ್ಯಾರಿಯಲ್ಲಿ ಯಾರೂ ಏನೂ ಮಾಡಿಸುವುದಿಲ್ಲ,
ಬೈಯಲಿಕ್ಕೆ, ಮುದ್ದಿಸಲಿಕ್ಕೆ ಟೈಪಿಂಗ್ ಬೇಡವಲ್ಲ.

ಮೊನ್ನೆ ಲಾಡ್ಜಿನಿಂದ ಬಂದರು ನಿಶ್ಚಲ್ ಸರ್,
ಸಿನೆಮಾ ಬರೆಯುವವರು.
ನೂರ ಮೂವತ್ತೆರಡು ಪುಟ ಕೈಬರಹ,
ಪುಟಕ್ಕೆ ಮೂವತ್ತು ರೂಪಾಯಿ, ಕಾಫಿ ಕಲೆ ಉಚಿತ.
"ನಿಮ್ಮೂರಿನದೇ ಕಥೆ ಮೇಡಂ,
ತಪ್ಪಿದ್ದರೆ ಹೇಳಿ" ಅಂದರು.
ಹೇಳಿ ಅಂದವರಿಗೆ ಹೇಳುವುದು ಕಷ್ಟ ಮಾರಾಯ್ರೆ.

ನಾಯಕನಿಗೆ ಹೆಸರುಂಟು, ಇನಿಶಿಯಲ್ ಉಂಟು,
ಎದೆಯ ಮೇಲೊಂದು ಹಳೆಯ ಗಾಯ,
ಆ ಗಾಯಕ್ಕೇ ಮೂರು ದೃಶ್ಯ.
ಅವನ ನಾಯಿಗೂ ಹೆಸರುಂಟು.
ಮತ್ತೆ ನಮ್ಮವರು. ಬೆರಳು ಮಡಚಿ ಎಣಿಸಿದೆ:
ಬಿರಿಯಾನಿ ತರುವ ಗೆಳೆಯ,
ಇಂಟರ್ವಲ್ಲಿಗೆ ಮೊದಲೇ ಸಾಯುತ್ತಾನೆ.
ಸೇತುವೆ ಕೆಳಗೆ ಫೋನಿನಲ್ಲಿ ಪಿಸುಗುಟ್ಟುವ ಒಂದು ಗಡ್ಡ,
ಅದಕ್ಕೆ ಮನುಷ್ಯನನ್ನು ಅಂಟಿಸಿಲ್ಲ.
ಮೀನಿನವಳು ಬೀಚಿನ ಕಡೆಯವಳು, ಅವಳಿಗೂ ಅದೇ ಗತಿ:
ಜೋರುಬಾಯಿ, ನಗು ಬರಬೇಕು.

ಆಮೇಲೆ,
ದೃಶ್ಯ ೪೨. ಹೊರಗೆ. ಸಂಜೆ. ರೈಲ್ವೆ ಗೇಟು.
ಬುರ್ಖಾದವಳು-೨ ಓಡುತ್ತಾಳೆ.

ಅಷ್ಟೇ.
ಒಂದನೆಯವಳು ಎಲ್ಲಿ ಹೋದಳೋ,
ಇಡೀ ಕಟ್ಟು ಮಗುಚಿದೆ, ಸಿಗಲಿಲ್ಲ.

ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೆಂದಿತು.
ಹತ್ತು ನಿಮಿಷ ನನ್ನ ಕೈಯಲ್ಲಿ.
ಬುರ್ಖಾದವಳು-೨ ಅಳಿಸಿ ಹೊಡೆದೆ:
ಸಫಿಯಾ, ಮೂವತ್ತನಾಲ್ಕು, ಲೆಕ್ಕದ ಟೀಚರು.
ಬ್ಯಾಗಿನಲ್ಲಿ ಏಳನೇ ಬಿ ಕ್ಲಾಸಿನ ಉತ್ತರಪತ್ರಿಕೆ,
ಎಡಗಾಲಿನ ಚಪ್ಪಲಿಯ ಬಾರು ಈಗಷ್ಟೇ ಕಿತ್ತದ್ದು.
ಐದು ನಲವತ್ತರ ಪ್ಯಾಸೆಂಜರಿಗೆ ಓಡುತ್ತಾಳೆ.
ಗೇಟಿನವನಿಗೆ ತುಳುವಿನಲ್ಲಿ ಬೈಯುತ್ತಾಳೆ,
ಮಗನನ್ನು ಫೋನಿನಲ್ಲೇ ಬ್ಯಾರಿಯಲ್ಲಿ ಮುದ್ದಿಸುತ್ತಾಳೆ,
ಉಸಿರು ಹಿಡಿಯಲಿಕ್ಕೆ ಕನ್ನಡದಲ್ಲಿ ಮಗ್ಗಿ ಹೇಳುತ್ತಾಳೆ,
ಹದಿನೇಳೆಂಟಲ ನೂರ ಮೂವತ್ತಾರು.

ನಿಶ್ಚಲ್ ಸರ್ ಓದಿದರು. ಕೋಪಿಸಲಿಲ್ಲ, ಅದು ಹೇಳಬೇಕು.
"ಚೆನ್ನಾಗಿದೆ. ಆದರೆ ನಾಲ್ಕೇ ಸೆಕೆಂಡು ಕಾಣುವವಳು,
ಅವಳಿಗೆ ಹೆಸರು ಯಾಕೆ ಮೇಡಂ?"
"ನಾಲ್ಕು ಸೆಕೆಂಡಿನಲ್ಲಿ ರೈಲು ತಪ್ಪುತ್ತದೆ ಸರ್" ಅಂದೆ.
ಅಂದ ಮೇಲೆ ನನ್ನ ಕಣ್ಣಿಗೇ ನಾನು
ಸ್ವಲ್ಪ ಎತ್ತರ ಕಂಡೆ.

ಆಗಲೇ ಬಾಗಿಲಲ್ಲಿ ಚಹಾ.
"ಭಾಯಿ, ಇಲ್ಲಿಡು."
"ಇವರ ಹೆಸರು?" ಅಂದರು ಸರ್.
ಕೊಂಕಿರಲಿಲ್ಲ ಅದರಲ್ಲಿ. ತಾಗಿದ್ದು ಅದಕ್ಕೇ.

ಮೂರು ವರ್ಷ. ದಿನಕ್ಕೆ ಎರಡು ಸಲ.
ನನಗೆ ಸಕ್ಕರೆ ಎಷ್ಟೆಂದು ಅವನಿಗೆ ಗೊತ್ತು,
ಗಂಡನ ಜೊತೆ ಜಗಳವಾದ ದಿನ
ಹೇಳದೆಯೇ ಶುಂಠಿ ಜಾಸ್ತಿ.
ನಾನು ಬರೆದಿಟ್ಟುಕೊಂಡದ್ದು:
ಭಾಯಿ. ಚಹಾ ಇಡುತ್ತಾನೆ. ಹೋಗುತ್ತಾನೆ.

ಸಂಜೆಯ ಚಹಾಕ್ಕೆ ಕೇಳಿಯೇ ಬಿಟ್ಟೆ.
"ಬನಮಾಳಿ" ಅಂದ,
ನನ್ನ ಪೆನ್ನು ತೆಗೆದು
ಹಾಳಾದ ಪ್ರಿಂಟಿನ ಬೆನ್ನಿಗೆ ಒಡಿಯಾದಲ್ಲಿ ಬರೆದ.
ನಮ್ಮ ಅಕ್ಷರಕ್ಕೆ ತಲೆಕಟ್ಟು,
ಅವನದಕ್ಕೆ ಬಿಡಿಸಿದ ಕೊಡೆ.
ನಾಲ್ಕು ಕೊಡೆ ಸಾಲಾಗಿ ಎಲ್ಲಿಗೋ ಹೊರಟ ಹಾಗೆ.
ನನ್ನ ಕಂಪ್ಯೂಟರಿನಲ್ಲಿ ಆ ಲಿಪಿ ಇಲ್ಲ.

"ಸಿನೆಮಾದಲ್ಲಿ ಹಾಕಲಾ ನಿನ್ನನ್ನು?" ತಮಾಷೆಗೆ ಅಂದೆ.
ಗ್ಲಾಸು ಎತ್ತಿಕೊಳ್ಳುತ್ತ, ಮುರುಕು ಮಲಯಾಳದಲ್ಲಿ ಅಂದ:
ಹಾಕಿ. ಚಹಾ ಕೊಡುವುದು ಬೇಡ,
ಕೂತು ಕುಡಿಯುವುದು ಹಾಕಿ.

ಶುಕ್ರವಾರ ಪ್ರೂಫ್ ಮರಳಿತು.
ಕೆಂಪು ಶಾಯಿ. ಸಫಿಯಾ ಹೋಗಿದ್ದಾಳೆ,
ವಯಸ್ಸು, ಮಗ್ಗಿ, ಏಳನೇ ಬಿ ಎಲ್ಲ ಹೋಗಿದೆ.
ಐದು ನಲವತ್ತರ ರೈಲು ಉಳಿದಿದೆ.
ಚಪ್ಪಲಿಯೂ ಉಳಿದಿದೆ, ಪಕ್ಕದಲ್ಲಿ ಸಣ್ಣಕ್ಕೆ:
ಕ್ಲೋಸಪ್?

ಹೇಳಿದ ಹಾಗೆ ತಿದ್ದಿ ಕೊಟ್ಟೆ. ದುಡ್ಡು ತಕ್ಕೊಂಡೆ.
ನನ್ನ ಪ್ರತಿ ಅಳಿಸಿಲ್ಲ,
ಫೈಲಿನ ಹೆಸರು ಫೈನಲ್-ಫೈನಲ್-೨.
ಅದರಲ್ಲಿ ಸಫಿಯಾ ಓಡಿದ ಮೇಲೆ
ಗೇಟಿನ ಬದಿಗೆ ಒಂದು ಬೆಂಚು,
ಒಬ್ಬ ಕೂತು ಚಹಾ ಕುಡಿಯುತ್ತಿದ್ದಾನೆ, ನಿಧಾನಕ್ಕೆ.
ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ,
ಪ್ರಿಂಟ್ ತೆಗೆದು
ಪೆನ್ನು ಅವನ ಕೈಗೇ ಕೊಡಬೇಕು.